ಹಳೇ ಪದ್ಧತಿಯೋ ಹೊಸದೋ: ಬಜೆಟ್ ನೋಡಿ ಅಲ್ಲ, ನಿಮ್ಮ ಲೆಕ್ಕ ನೋಡಿ ಆರಿಸಿ

ಏಪ್ರಿಲ್ ಬಂತೆಂದರೆ ಕಂಪನಿಯ ಎಚ್‌ಆರ್‌ನಿಂದ ಮೇಲ್ ಬರುತ್ತದೆ. ಈ ವರ್ಷ ನಿಮಗೆ ಹಳೇ ತೆರಿಗೆ ಪದ್ಧತಿ ಬೇಕೋ, ಹೊಸದೋ, ಬೇಗ ತಿಳಿಸಿ ಅಂತ. ಹಳೇದರಲ್ಲಿ ಬಾಡಿಗೆ, ಸಾಲದ ಬಡ್ಡಿಯಂಥವನ್ನು ಆದಾಯದಿಂದ ಕಳೆಯಬಹುದು, ಹೊಸದರಲ್ಲಿ ಅಂಥ ಕಡಿತ ಕಡಿಮೆ, ದರವೂ ಕಡಿಮೆ. ತುಂಬಾ ಜನ ಪಕ್ಕದ ಸೀಟಿನವರನ್ನು ಕೇಳಿ ಅವರು ಹಾಕಿದ್ದನ್ನೇ ಹಾಕಿಬಿಡುತ್ತಾರೆ. ಇನ್ನು ಕೆಲವರು ಟಿವಿಯಲ್ಲಿ ಕೇಳಿದ "12 ಲಕ್ಷದವರೆಗೆ ತೆರಿಗೆ ಇಲ್ಲ" ಅನ್ನುವ ಒಂದು ಸಾಲನ್ನು ನೆನಪಿಟ್ಟುಕೊಂಡು ಹೊಸದನ್ನು ಆರಿಸುತ್ತಾರೆ. ಆದರೆ ಪಕ್ಕದವರಿಗೆ ಮನೆ ಸಾಲ ಇರಬಹುದು, ನಿಮಗೆ ಇಲ್ಲದಿರಬಹುದು. ಅವರು ಸ್ವಂತ ಮನೆಯಲ್ಲಿರಬಹುದು, ನೀವು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿರಬಹುದು. ಇಬ್ಬರ ಸಂಬಳ ಒಂದೇ ಇದ್ದರೂ ಒಬ್ಬರಿಗೆ ಹಳೇದು ಲಾಭ, ಇನ್ನೊಬ್ಬರಿಗೆ ಹೊಸದು ಲಾಭ. ಹಾಗಾಗಿ ಇದನ್ನು ಕೇಳಿ ತಿಳಿಯೋಕಾಗಲ್ಲ, ಲೆಕ್ಕ ಹಾಕಿಯೇ ತಿಳಿಯಬೇಕು. ಲೆಕ್ಕವೇನೂ ಕಷ್ಟದ್ದಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಬಜೆಟ್‌ನಲ್ಲಿ ಹೇಳಿದ ದರ ಯಾವ ವರ್ಷದ ಆದಾಯಕ್ಕೆ? 2025ರ ಫೆಬ್ರುವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 12 ಲಕ್ಷದ ಘೋಷಣೆ ಮಾಡಿದರು. ಅದು ಅನ್ವಯಿಸಿದ್ದು 2025ರ ಏಪ್ರಿಲ್ 1ರಿಂದ ಶುರುವಾದ 2025-26ರ ಹಣಕಾಸು ವರ್ಷದ ಆದಾಯಕ್ಕೆ. ಆ ವರ್ಷ ಬಜೆಟ್ ಆದ ಕೆಲವೇ ತಿಂಗಳಿಗೆ ಹಾಕಿದ ರಿಟರ್ನ್ಸ್ ಇತ್ತಲ್ಲ, ಅದು ಹಿಂದಿನ ವರ್ಷದ, ಅಂದರೆ 2024-25ರ ಆದಾಯದ್ದು. ಅದಕ್ಕೆ ಹಳೇ ಮಿತಿಯೇ ಇತ್ತು, ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ಮಾತ್ರ ತೆರಿಗೆ ಇರಲಿಲ್ಲ. ಅದಕ್ಕೇ 10 ಲಕ್ಷ ಆದಾಯದವರು ಆಗ ರಿಟರ್ನ್ಸ್ ತುಂಬುವಾಗ ತೆರಿಗೆ ಕಾಣಿಸಿತು. ಬಜೆಟ್ ಎಂದರೆ ಮುಂದಿನ ವರ್ಷದ ದರ, ರಿಟರ್ನ್ಸ್ ಎಂದರೆ ಕಳೆದ ವರ್ಷದ ಲೆಕ್ಕ. ಇದನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

2026ರ ಫೆಬ್ರುವರಿ 1ರ ಬಜೆಟ್ ಸ್ಲ್ಯಾಬ್‌ಗಳನ್ನು, ಅಂದರೆ ಆದಾಯದ ಯಾವ ಹಂತಕ್ಕೆ ಎಷ್ಟು ದರ ಅನ್ನುವುದನ್ನು, ಮುಟ್ಟಲಿಲ್ಲ. ಹಾಗಾಗಿ ಇಲ್ಲಿ ಹೇಳುವ ಲೆಕ್ಕ 2025-26ಕ್ಕೂ 2026-27ಕ್ಕೂ ಅದೇ. ಒಂದು ಬದಲಾವಣೆ ಮಾತ್ರ ದೊಡ್ಡದು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಜನರನ್ನು ವರ್ಷಗಟ್ಟಲೆ ಗೋಳು ಹುಯ್ದುಕೊಂಡ "ಅಸೆಸ್‌ಮೆಂಟ್ ಇಯರ್" (ಆದಾಯ ಬಂದ ವರ್ಷದ ಮರುವರ್ಷ) ಹೋಗಿ "ತೆರಿಗೆ ವರ್ಷ" ಅನ್ನುವ ಒಂದೇ ಮಾತು ಬಂದಿದೆ. ಆದರೂ 2025-26ರ ಆದಾಯದ ರಿಟರ್ನ್ಸ್ ಹಳೇ ಕಾಯ್ದೆಯ ಪ್ರಕಾರವೇ. ಜನ ಈಗಲೂ 80ಸಿ (ಪಿಎಫ್, ವಿಮೆಯಂಥ ಉಳಿತಾಯದ ಕಡಿತ), 80ಡಿ (ಆರೋಗ್ಯ ವಿಮೆಯ ಕಡಿತ) ಅಂತಲೇ ಮಾತಾಡುತ್ತಾರೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಈ ಎರಡು ಪದ್ಧತಿ ಬಂದದ್ದು 2020ರ ಬಜೆಟ್‌ನಲ್ಲಿ. ನೂರಕ್ಕೂ ಹೆಚ್ಚು ವಿನಾಯಿತಿ, ಕಡಿತಗಳಲ್ಲಿ ಸುಮಾರು 70ನ್ನು ತೆಗೆದು, ಬದಲಿಗೆ ಕಡಿಮೆ ದರ ಕೊಡುತ್ತೇವೆ, ಬೇಕಾದವರು ಬನ್ನಿ ಎಂದಿತು ಸರ್ಕಾರ. ಆಗ ಸಂಬಳದಾರರಿಗೆ ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಚೀಟಿ ತೋರಿಸದೆ ಸಂಬಳದಿಂದ ಕಳೆಯುವ ನಿಗದಿತ ಮೊತ್ತ) ಕೂಡ ಇರಲಿಲ್ಲ, ಹೋಗುವವರಿಗೆ ಅಂಥ ಲಾಭವೂ ಕಾಣಲಿಲ್ಲ. 2023ರಲ್ಲಿ ಆಟ ಬದಲಾಯಿತು. ಹೊಸ ಪದ್ಧತಿಯನ್ನೇ ತಾನಾಗಿ ಅನ್ವಯಿಸುವ ಪದ್ಧತಿ ಮಾಡಿದರು, 50 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟರು, 7 ಲಕ್ಷದವರೆಗೆ ತೆರಿಗೆ ಮನ್ನಾ ಮಾಡಿದರು. 2024ರ ಜುಲೈ ಬಜೆಟ್‌ನಲ್ಲಿ ಆ 50 ಸಾವಿರ 75 ಸಾವಿರ ಆಯಿತು. 2024ರ ಜುಲೈ 31ರ ಹೊತ್ತಿಗೆ ಬಂದ 7.28 ಕೋಟಿ ರಿಟರ್ನ್ಸ್‌ನಲ್ಲಿ 5.27 ಕೋಟಿ ಹೊಸ ಪದ್ಧತಿಯಲ್ಲೇ ಇದ್ದವು, ಅಂದರೆ ಶೇ 72. ಮರುವರ್ಷದ ಬಜೆಟ್‌ನಲ್ಲಿ 12 ಲಕ್ಷದ ಘೋಷಣೆ. ಅದರಿಂದ ಸುಮಾರು 1 ಲಕ್ಷ ಕೋಟಿ ರೂಪಾಯಿ ಆದಾಯ ಬಿಟ್ಟುಕೊಡುತ್ತಿದ್ದೇವೆ ಎಂದು ಸರ್ಕಾರವೇ ಹೇಳಿತು.

ಇಷ್ಟೂ ವರ್ಷ ಹಳೇ ಪದ್ಧತಿಗೆ ಏನಾಯಿತು? ಏನೂ ಆಗಲಿಲ್ಲ. ಅದೇ ವಿಷಯ. 80ಸಿ ಮಿತಿ 1.5 ಲಕ್ಷ ಆಗಿದ್ದು 2014ರಲ್ಲಿ, ಇವತ್ತಿಗೂ ಅಷ್ಟೇ. ತೆರಿಗೆ ಶುರುವಾಗುವ 2.5 ಲಕ್ಷದ ಗೆರೆಯೂ 2014ರದ್ದೇ. 10 ಲಕ್ಷ ದಾಟಿದ ಕೂಡಲೇ ಶೇ 30 ಅನ್ನುವುದೂ ಹಾಗೇ ಇದೆ. ಆ 12 ವರ್ಷದಲ್ಲಿ ಮನೆ ಬಾಡಿಗೆ, ಸ್ಕೂಲ್ ಫೀಸು, ಆಸ್ಪತ್ರೆ ಬಿಲ್ಲು ಎಲ್ಲಿಗೆ ಹೋಗಿವೆ ಅಂತ ನಿಮಗೇ ಗೊತ್ತು. ಬಜೆಟ್ ಭಾಷಣದಲ್ಲಿ ಒಂದು ಮಾತೂ ಆಡದೆ ಒಂದು ಸೌಲಭ್ಯವನ್ನು ಸವೆಸಬಹುದು, ಮಿತಿಯನ್ನು ಹಾಗೇ ಬಿಟ್ಟರೆ ಸಾಕು, ಬೆಲೆ ಏರಿಕೆಯೇ ಉಳಿದ ಕೆಲಸ ಮಾಡುತ್ತದೆ. ಹೊಸ ಪದ್ಧತಿ ಒಳ್ಳೆಯದೋ ಕೆಟ್ಟದೋ ಅನ್ನುವುದು ಬೇರೆ ಮಾತು, ಆದರೆ ಸರ್ಕಾರ ಜನರನ್ನು ಯಾವ ಕಡೆ ಕರೆದುಕೊಂಡು ಹೋಗುತ್ತಿದೆ ಅನ್ನುವುದು ಸ್ಪಷ್ಟ. ಬಜೆಟ್ ನೋಡುವಾಗ ಏನು ಹೇಳಿದರು ಅನ್ನುವಷ್ಟೇ ಏನನ್ನು ಮುಟ್ಟಲಿಲ್ಲ ಅಂತಲೂ ನೋಡಿ.

ಈಗ ದರಗಳು. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಆಮೇಲೆ ಪ್ರತಿ 4 ಲಕ್ಷಕ್ಕೆ ಒಂದೊಂದು ದರ: 8 ಲಕ್ಷದವರೆಗೆ ಶೇ 5, 12ರವರೆಗೆ ಶೇ 10, 16ರವರೆಗೆ ಶೇ 15, 20ರವರೆಗೆ ಶೇ 20, 24ರವರೆಗೆ ಶೇ 25, ಅದರ ಮೇಲೆ ಶೇ 30. ಹಳೇದರಲ್ಲಿ 2.5 ಲಕ್ಷದವರೆಗೆ ಇಲ್ಲ, 5 ಲಕ್ಷದವರೆಗೆ ಶೇ 5, 10 ಲಕ್ಷದವರೆಗೆ ಶೇ 20, ಅದರ ಮೇಲೆ ಶೇ 30. 60 ದಾಟಿದವರಿಗೆ ಹಳೇದರಲ್ಲಿ 3 ಲಕ್ಷ, 80 ದಾಟಿದವರಿಗೆ 5 ಲಕ್ಷ ಬಿಡುತ್ತಾರೆ. ಹೊಸದರಲ್ಲಿ ವಯಸ್ಸಿನ ಭೇದ ಇಲ್ಲ. ಎರಡರಲ್ಲೂ ಬಂದ ತೆರಿಗೆಯ ಮೇಲೆ ಶೇ 4 ಸೆಸ್ ಸೇರುತ್ತದೆ. ಸ್ಲ್ಯಾಬ್ ಎಂದರೆ ಸಾಲಾಗಿ ಇಟ್ಟ ಕೊಡಗಳಿದ್ದ ಹಾಗೆ. ಒಂದು ತುಂಬಿದ ಮೇಲೆ ಮಾತ್ರ ಇನ್ನೊಂದಕ್ಕೆ ನೀರು ಬೀಳುತ್ತದೆ, ಮುಂದಿನ ಕೊಡದ ದರ ಹಿಂದಿನ ಕೊಡಕ್ಕೆ ಅಂಟುವುದಿಲ್ಲ. "ಶೇ 30ರ ಸ್ಲ್ಯಾಬ್‌ಗೆ ಬಂದುಬಿಟ್ಟೆ, ಪೂರ್ತಿ ಸಂಬಳಕ್ಕೆ ಶೇ 30 ಹೋಗುತ್ತೆ" ಅನ್ನುವವರನ್ನು ಈಗಲೂ ನೋಡುತ್ತೇನೆ. ಹಾಗಿಲ್ಲ.

ಹಾಗಾದರೆ 4 ಲಕ್ಷದಿಂದಲೇ ತೆರಿಗೆ ಶುರುವಾದರೆ 12 ಲಕ್ಷದವರೆಗೆ ಇಲ್ಲ ಅಂದಿದ್ದು ಹೇಗೆ? ಅದು ರಿಬೇಟ್. 12 ಲಕ್ಷ ತೆರಿಗೆ ಆದಾಯಕ್ಕೆ (ಕಡಿತಗಳನ್ನು ಕಳೆದು ಉಳಿದದ್ದು) ಸ್ಲ್ಯಾಬ್ ಪ್ರಕಾರ 60,000 ರೂಪಾಯಿ ತೆರಿಗೆ ಬರುತ್ತದೆ, ಆದಾಯ ಅಷ್ಟರೊಳಗೇ ಇದ್ದರೆ ಆ 60,000ವನ್ನು ಪೂರ್ತಿ ಬಿಟ್ಟುಬಿಡುತ್ತಾರೆ. ಸಂಬಳದಾರರಿಗೆ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ಅದನ್ನು ಒಂದು ರೂಪಾಯಿ ದಾಟಿದರೂ 60 ಸಾವಿರ ಮೈಮೇಲೆ ಬೀಳುತ್ತದಾ? ಇಲ್ಲ. ದಾಟಿದ ಮೊತ್ತಕ್ಕಿಂತ ತೆರಿಗೆ ಜಾಸ್ತಿ ಆಗದ ಹಾಗೆ ಮಾರ್ಜಿನಲ್ ರಿಲೀಫ್ ಇದೆ. ತೆರಿಗೆ ಆದಾಯ 12.10 ಲಕ್ಷ ಆದರೆ ಸ್ಲ್ಯಾಬ್ ಪ್ರಕಾರ 61,500, ಆದರೆ ಕಟ್ಟಬೇಕಾದದ್ದು ದಾಟಿದ 10,000 ಮತ್ತು ಅದರ ಸೆಸ್ ಮಾತ್ರ. ಸುಮಾರು 12.70 ಲಕ್ಷದವರೆಗೆ ಈ ರಕ್ಷಣೆ ಇದೆ. ಆಮೇಲೆ ಮಾಮೂಲಿ ಲೆಕ್ಕ.

ರಿಬೇಟ್ ಅಂತ ತಿಳಿದುಕೊಳ್ಳುವುದು ಯಾಕೆ ಮುಖ್ಯ ಎಂದರೆ, ಅದು ಎಲ್ಲ ಆದಾಯಕ್ಕೂ ಎಲ್ಲ ಜನರಿಗೂ ಸಿಗುವುದಿಲ್ಲ. ಷೇರು, ಷೇರಿನಲ್ಲಿ ಹೂಡುವ ಮ್ಯೂಚುವಲ್ ಫಂಡ್ ಮಾರಿ ಬಂದ ಲಾಭಕ್ಕೆ ಬೇರೆಯದೇ ದರ ಇದೆ. ವರ್ಷದೊಳಗೆ ಮಾರಿದರೆ ಶೇ 20, ವರ್ಷ ಕಳೆದು ಮಾರಿದರೆ 1.25 ಲಕ್ಷ ದಾಟಿದ ಲಾಭಕ್ಕೆ ಶೇ 12.5. ಈ ತೆರಿಗೆಯ ಮೇಲೆ 12 ಲಕ್ಷದ ರಿಬೇಟ್ ನಡೆಯುವುದಿಲ್ಲ. ಸಂಬಳ 9 ಲಕ್ಷ, ಷೇರಿನಲ್ಲಿ ವರ್ಷದೊಳಗಿನ ಲಾಭ 1 ಲಕ್ಷ ಅಂದರೆ ಒಟ್ಟು 10 ಲಕ್ಷವೇ, ಆದರೂ ಆ 1 ಲಕ್ಷಕ್ಕೆ 20,000 ಮತ್ತು ಸೆಸ್ ಕಟ್ಟಲೇಬೇಕು.

ಹೊರದೇಶದಲ್ಲಿರುವ ನಮ್ಮವರು ಇದನ್ನು ಇನ್ನೂ ಗಮನವಿಟ್ಟು ನೋಡಬೇಕು. ಆ ರಿಬೇಟ್ ಭಾರತದ ನಿವಾಸಿಗಳಿಗೆ ಮಾತ್ರ. ದುಬೈಯಲ್ಲೋ ಅಮೆರಿಕದಲ್ಲೋ ಇದ್ದು ಬೆಂಗಳೂರಿನ ಫ್ಲ್ಯಾಟ್ ಬಾಡಿಗೆಗೆ ಕೊಟ್ಟವರಿಗೆ 12 ಲಕ್ಷದ ಮಾತು ಅನ್ವಯಿಸುವುದಿಲ್ಲ, 4 ಲಕ್ಷದ ಗೆರೆ ಮಾತ್ರ ಅನ್ವಯಿಸುತ್ತದೆ. ವರ್ಷಕ್ಕೆ 9 ಲಕ್ಷ ಬಾಡಿಗೆ ಬಂದರೆ ಶೇ 30 ರಿಪೇರಿ ಖರ್ಚಿನ ಲೆಕ್ಕದಲ್ಲಿ ಕಳೆದು 6.3 ಲಕ್ಷ ಉಳಿಯುತ್ತದೆ (ಕಟ್ಟಿದ ಆಸ್ತಿ ತೆರಿಗೆಯನ್ನು ಮೊದಲೇ ಕಳೆಯಬಹುದು, ಅದನ್ನು ಇಲ್ಲಿ ಬಿಟ್ಟಿದ್ದೇನೆ). ತೆರಿಗೆ 11,500 ಮತ್ತು ಸೆಸ್. ಆದರೆ ಬಾಡಿಗೆದಾರ ಕೊಡುವಾಗಲೇ ಶೇ 30ಕ್ಕೂ ಮೇಲೆ ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕಾಗುತ್ತದೆ. ಆ ಹಣ ವಾಪಸ್ ಬೇಕೆಂದರೆ ಇಲ್ಲಿ ರಿಟರ್ನ್ಸ್ ಹಾಕಲೇಬೇಕು.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಬೆಂಗಳೂರಿನಲ್ಲಿ ಕೆಲಸ, ವರ್ಷಕ್ಕೆ 15 ಲಕ್ಷ ಸಂಬಳ ಅಂತ ಇಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ 75 ಸಾವಿರ ಕಳೆದರೆ 14.25 ಲಕ್ಷ. ತೆರಿಗೆ 93,750, ಸೆಸ್ ಸೇರಿ 97,500. ಇಷ್ಟೇ, ಒಂದು ಚೀಟಿಯೂ ತೋರಿಸಬೇಕಿಲ್ಲ.

ಹಳೇ ಪದ್ಧತಿಯಲ್ಲಿ ಇಷ್ಟೇ ತೆರಿಗೆ ಬರಬೇಕಾದರೆ ತೆರಿಗೆ ಆದಾಯ ಸುಮಾರು 9.06 ಲಕ್ಷಕ್ಕೆ ಇಳಿಯಬೇಕು. ಅಂದರೆ ಅಲ್ಲಿನ 50 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ನಿಮ್ಮ ಕೈಯಲ್ಲಿ ಸುಮಾರು 5.44 ಲಕ್ಷದ ಕಡಿತಗಳು ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಹಳೇದು, ಕಡಿಮೆ ಇದ್ದರೆ ಹೊಸದು. ನಿಮ್ಮ ಸಂಬಳಕ್ಕೆ ಈ ಒಂದು ಸಂಖ್ಯೆ ಗೊತ್ತಾದರೆ ಸಾಕು, ಉಳಿದದ್ದು ಕೂಡುವ ಲೆಕ್ಕ.

ಕೂಡೋಣ. ಮೂಲ ವೇತನ ಸಂಬಳದ ಅರ್ಧ, ಅಂದರೆ 7.5 ಲಕ್ಷ ಅಂದುಕೊಳ್ಳಿ. ಪಿಎಫ್‌ಗೆ ನಿಮ್ಮ ಪಾಲು ಶೇ 12 ಹೋಗುತ್ತಿದ್ದರೆ ಅದೇ 90 ಸಾವಿರ. 80ಸಿಯ 1.5 ಲಕ್ಷದಲ್ಲಿ ಅಷ್ಟು ಆಗಲೇ ತುಂಬಿಬಿಟ್ಟಿದೆ, ಉಳಿದದ್ದು 60 ಸಾವಿರ ಮಾತ್ರ, ಮಗುವಿನ ಸ್ಕೂಲಿನ ಟ್ಯೂಷನ್ ಫೀಸೇ ಅದನ್ನು ತುಂಬಬಹುದು. ಮನೆಯವರ ಆರೋಗ್ಯ ವಿಮೆಗೆ 80ಡಿ ಅಡಿ 25 ಸಾವಿರ. ಇನ್ನು ಬಾಡಿಗೆ. ತಿಂಗಳಿಗೆ 25 ಸಾವಿರದಂತೆ ವರ್ಷಕ್ಕೆ 3 ಲಕ್ಷ. ಎಚ್‌ಆರ್‌ಎ (ಸಂಬಳದಲ್ಲಿ ಸೇರಿರುವ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಎಂದರೆ ಕಟ್ಟಿದ ಬಾಡಿಗೆಯಷ್ಟೂ ಸಿಗುವುದಿಲ್ಲ. ಕಂಪನಿ ಕೊಟ್ಟ ಎಚ್‌ಆರ್‌ಎ, ಮೂಲ ವೇತನದ ಶೇ 40 (2025-26ರ ಲೆಕ್ಕಕ್ಕೆ ಬೆಂಗಳೂರು ಶೇ 50ರ ಪಟ್ಟಿಯಲ್ಲಿಲ್ಲ, ಅದು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ), ಮತ್ತು ಬಾಡಿಗೆಯಲ್ಲಿ ಮೂಲ ವೇತನದ ಶೇ 10 ಕಳೆದದ್ದು, ಈ ಮೂರರಲ್ಲಿ ಯಾವುದು ಕಡಿಮೆಯೋ ಅದು. ಇಲ್ಲಿ 3 ಲಕ್ಷದಲ್ಲಿ 75 ಸಾವಿರ ಕಳೆದು 2.25 ಲಕ್ಷ. ಒಟ್ಟು ಕೂಡಿದರೆ 1.5, 0.25, 2.25, ಅಂದರೆ 4 ಲಕ್ಷ. ಬೇಕಾಗಿದ್ದು 5.44. ಹಳೇ ಪದ್ಧತಿಯಲ್ಲಿ ಇವರ ತೆರಿಗೆ 1,32,600 ಬರುತ್ತದೆ. ಪಕ್ಕದವರ ಮಾತು ಕೇಳಿ ಹಳೇದರಲ್ಲೇ ಉಳಿದರೆ 35 ಸಾವಿರ ಸುಮ್ನೆ ಹೋಯಿತು.

ಅದೇ ಸಂಬಳದ ಇನ್ನೊಬ್ಬರನ್ನು ನೋಡಿ. ಇವರದ್ದೂ ಎಲ್ಲ ಅದೇ, ಆದರೆ ದಾವಣಗೆರೆಯಲ್ಲಿ ಅಪ್ಪ ಅಮ್ಮನಿಗೆ ಅಂತ ಸಾಲ ಮಾಡಿ ಮನೆ ಕಟ್ಟಿಸಿದ್ದಾರೆ, ವರ್ಷಕ್ಕೆ 2 ಲಕ್ಷಕ್ಕೂ ಮೇಲೆ ಬಡ್ಡಿ ಕಟ್ಟುತ್ತಿದ್ದಾರೆ. ಕೆಲಸಕ್ಕಾಗಿ ಬೆಂಗಳೂರಿನಲ್ಲಿ ಬಾಡಿಗೆಗಿದ್ದು ಊರಿನ ಮನೆಯ ಸಾಲದ ಬಡ್ಡಿಯನ್ನೂ ತೋರಿಸಬಹುದು, ಹಳೇ ಪದ್ಧತಿಯಲ್ಲಿ ಅದಕ್ಕೆ 2 ಲಕ್ಷದ ಮಿತಿ. ಈಗ ಒಟ್ಟು 6 ಲಕ್ಷ ಆಯಿತು. ತೆರಿಗೆ ಆದಾಯ 8.5 ಲಕ್ಷ, ತೆರಿಗೆ ಸೆಸ್ ಸೇರಿ 85,800. ಹೊಸದಕ್ಕಿಂತ 11,700 ಕಡಿಮೆ. ತಂದೆ ತಾಯಿ 60 ದಾಟಿದ್ದು ಅವರ ಆರೋಗ್ಯ ವಿಮೆಯನ್ನೂ ಇವರೇ ಕಟ್ಟುತ್ತಿದ್ದರೆ ಇನ್ನೂ 50 ಸಾವಿರದವರೆಗೆ ಕಳೆಯಬಹುದು. ಕರ್ನಾಟಕದಲ್ಲಿ ಸಂಬಳದಿಂದ ಹಿಡಿಯುವ ವೃತ್ತಿ ತೆರಿಗೆಯೂ ಹಳೇದರಲ್ಲಿ ಮಾತ್ರ ಕಳೆಯುತ್ತದೆ, ಮೊತ್ತ ಚಿಕ್ಕದು. ಇಂಥವರಿಗೆ ಹಳೇ ಪದ್ಧತಿ ಸತ್ತಿಲ್ಲ. ಮನೆ ಸಾಲ ಮತ್ತು ಬಾಡಿಗೆ ಎರಡೂ ಒಟ್ಟಿಗೆ ಇದ್ದವರು ಕಣ್ಣುಮುಚ್ಚಿ ಹೊಸದನ್ನು ಆರಿಸಬೇಡಿ ಅನ್ನುವುದು ಅದಕ್ಕೇ.

ಸಂಬಳ ಏರಿದಂತೆ ಆ 5.44 ಲಕ್ಷವೂ ಬದಲಾಗುತ್ತದೆ, ಅದೂ ವಿಚಿತ್ರವಾಗಿ. 12.75 ಲಕ್ಷ ಸಂಬಳದವರಿಗೆ ಹೊಸದರಲ್ಲಿ ತೆರಿಗೆ ಸೊನ್ನೆ. ಹಳೇದರಲ್ಲಿ ಸೊನ್ನೆ ಆಗಬೇಕಾದರೆ ಅಲ್ಲಿನ ರಿಬೇಟ್ ಸಿಗುವಂತೆ ಆದಾಯ 5 ಲಕ್ಷಕ್ಕೆ ಇಳಿಯಬೇಕು, ಅಂದರೆ 7.25 ಲಕ್ಷದ ಕಡಿತ ಬೇಕು. ಅಷ್ಟಿರುವವರು ಆ ಸಂಬಳದಲ್ಲಿ ಎಷ್ಟು ಜನ? ಹಾಗಾಗಿ 12.75ರವರೆಗೆ ಯೋಚನೆಯೇ ಬೇಡ, ಹೊಸದು. 15ರ ಆಸುಪಾಸಿನಲ್ಲಿ ಲೆಕ್ಕ ಬಿಗಿ. 24.75 ಲಕ್ಷಕ್ಕೆ ಬಂದರೆ ಬೇಕಾದ ಕಡಿತ 8 ಲಕ್ಷಕ್ಕೆ ಏರುತ್ತದೆ. ಅಲ್ಲಿಂದ ಮುಂದೆ ಎರಡರಲ್ಲೂ ಶೇ 30 ಆದ್ದರಿಂದ ಆ 8 ಲಕ್ಷ ಅಲ್ಲೇ ನಿಲ್ಲುತ್ತದೆ, 50 ಲಕ್ಷ ದಾಟಿ ಸರ್‌ಚಾರ್ಜ್ (ತೆರಿಗೆಯ ಮೇಲಿನ ಹೆಚ್ಚುವರಿ ತೆರಿಗೆ) ಬರುವವರೆಗೂ. ದೊಡ್ಡ ಬಾಡಿಗೆ ಕಟ್ಟುವವರಿಗೆ ಬಿಟ್ಟರೆ 8 ಲಕ್ಷ ತಲುಪುವುದು ಕಷ್ಟ.

ಇಲ್ಲಿ ನನಗೆ ನಿಜವಾಗಿ ಬೇಸರ ತರುವ ವಿಷಯ ಒಂದಿದೆ. ಜನವರಿ, ಫೆಬ್ರುವರಿ ಬಂದರೆ "ಟ್ಯಾಕ್ಸ್ ಉಳಿಸಲು" ಅಂತ ಯಾವುದೋ 20 ವರ್ಷದ ಪಾಲಿಸಿಗೆ ಸಹಿ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ಹೊಸ ಪದ್ಧತಿಯಲ್ಲಿರುವವರಿಗೆ ಆ ಪ್ರೀಮಿಯಂನಿಂದ ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ಹಳೇದರಲ್ಲಿರುವವರಿಗೂ ಪಿಎಫ್, ಫೀಸು ಸೇರಿ 80ಸಿ ಆಗಲೇ ತುಂಬಿದ್ದರೆ ಏನೂ ಉಳಿಯುವುದಿಲ್ಲ. ಇದನ್ನು ಮಾರುವವರು ಹೇಳುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಹಾಗಂತ ಉಳಿತಾಯ ಬಿಟ್ಟುಬಿಡಬೇಕು ಅಂತಲ್ಲ. ಪಿಪಿಎಫ್ ಬಡ್ಡಿಗೆ ಎರಡೂ ಪದ್ಧತಿಯಲ್ಲಿ ತೆರಿಗೆ ಇಲ್ಲ. ಆರೋಗ್ಯ ವಿಮೆಯಂತೂ ಕಡಿತ ಸಿಗಲಿ ಬಿಡಲಿ ಇರಲೇಬೇಕು. ಹಳೇ ಪದ್ಧತಿ ನಮ್ಮಲ್ಲಿ ಎಷ್ಟೋ ಮಂದಿಗೆ ಬಲವಂತವಾಗಿಯಾದರೂ ಉಳಿಸುವುದನ್ನು ಕಲಿಸಿತ್ತು. ಹೊಸದರಲ್ಲಿ ಆ ಬಲವಂತ ಇಲ್ಲ, ತಿಂಗಳಿಗೆ ಕೈಗೆ ಬರುವ ದುಡ್ಡು ಜಾಸ್ತಿ. ಅದರಲ್ಲಿ ಒಂದು ಪಾಲನ್ನು ತೆಗೆದಿಡುವುದು ಈಗ ಪೂರ್ತಿ ನಮ್ಮ ಕೈಯಲ್ಲಿದೆ. ಈಗ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಮನೆಯ ದೊಡ್ಡವರು ಇದನ್ನು ಕೂತು ಹೇಳಬೇಕು.

ಹೊಸ ಪದ್ಧತಿಯಲ್ಲಿ ಏನೂ ಕಳೆಯಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಕಂಪನಿಯೇ ನಿಮ್ಮ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಗೆ ಹಾಕುವ ಮೊತ್ತ ಮೂಲ ವೇತನದ ಶೇ 14ರವರೆಗೆ ಕಳೆಯುತ್ತದೆ, 2024ರ ಬಜೆಟ್‌ನಲ್ಲಿ ಖಾಸಗಿ ನೌಕರರಿಗೂ ಅದನ್ನು ಶೇ 10ರಿಂದ ಏರಿಸಿದರು. ಮೇಲಿನ ಮೊದಲನೆಯವರು ತಮ್ಮ 15 ಲಕ್ಷದೊಳಗೇ ಇದನ್ನು ಸೇರಿಸುವಂತೆ ಕಂಪನಿಯನ್ನು ಕೇಳಿಕೊಂಡರೆ 1.05 ಲಕ್ಷ ಕಳೆದು ತೆರಿಗೆ 97,500ರಿಂದ 81,120ಕ್ಕೆ ಇಳಿಯುತ್ತದೆ. ಆದರೆ ಆ ದುಡ್ಡು ಬಹುಪಾಲು ನಿವೃತ್ತಿಯವರೆಗೆ ಸಿಕ್ಕಿಕೊಂಡಿರುತ್ತದೆ, ಮತ್ತು ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ. ಹತ್ತಿರದಲ್ಲೇ ಮದುವೆ, ಮನೆ ಅಂತ ಖರ್ಚಿರುವವರು ಯೋಚಿಸಿ. ನೀವೇ ಸ್ವಂತವಾಗಿ ಎನ್‌ಪಿಎಸ್‌ಗೆ ಹಾಕುವ ದುಡ್ಡಿಗೆ ಮಾತ್ರ ಹೊಸದರಲ್ಲಿ ಕಡಿತ ಇಲ್ಲ.

ಹಿರಿಯರಿರುವ ಮನೆಯಲ್ಲಿ ಇನ್ನೊಂದು ಗೊಂದಲ. 2025ರ ಬಜೆಟ್‌ನಲ್ಲಿ ಹಿರಿಯ ನಾಗರಿಕರ ಠೇವಣಿ ಬಡ್ಡಿಗೆ ಟಿಡಿಎಸ್ ಮಿತಿಯನ್ನು 50 ಸಾವಿರದಿಂದ 1 ಲಕ್ಷಕ್ಕೆ ಏರಿಸಿದರು. ಅದನ್ನು ಕೇಳಿ 1 ಲಕ್ಷದವರೆಗೆ ಬಡ್ಡಿಗೆ ತೆರಿಗೆಯೇ ಇಲ್ಲ ಅಂದುಕೊಂಡವರಿದ್ದಾರೆ. ಬ್ಯಾಂಕು ಮೊದಲೇ ಹಿಡಿಯುವುದಿಲ್ಲ ಅಷ್ಟೇ, ಆ ಬಡ್ಡಿ ಆದಾಯಕ್ಕೆ ಸೇರಿಯೇ ಸೇರುತ್ತದೆ. ಪಿಂಚಣಿ, ಬಡ್ಡಿ ಎಲ್ಲ ಸೇರಿ 12 ಲಕ್ಷದೊಳಗಿದ್ದರೆ ಹೊಸದರಲ್ಲಿ ಹೇಗೂ ತೆರಿಗೆ ಬರುವುದಿಲ್ಲ ಅನ್ನುವುದು ಸಮಾಧಾನ.

ಕೊನೆಗೆ, ಆರಿಸಿದ ಮೇಲೆ ಬದಲಿಸಬಹುದಾ? ಸಂಬಳ, ಪಿಂಚಣಿ, ಬಾಡಿಗೆ, ಬಡ್ಡಿ ಮಾತ್ರ ಇರುವವರು ಪ್ರತಿ ವರ್ಷವೂ ಬದಲಿಸಬಹುದು. ಎಚ್‌ಆರ್‌ಗೆ ಏಪ್ರಿಲ್‌ನಲ್ಲಿ ಹೇಳಿದ್ದು ತಿಂಗಳು ತಿಂಗಳು ಎಷ್ಟು ಟಿಡಿಎಸ್ ಹಿಡಿಯಬೇಕು ಅನ್ನುವುದಕ್ಕೆ ಮಾತ್ರ. ಅಲ್ಲಿ ಹೊಸದು ಅಂದಿದ್ದರೂ ರಿಟರ್ನ್ಸ್‌ನಲ್ಲಿ ಹಳೇದನ್ನು ಆರಿಸಿ ಜಾಸ್ತಿ ಹೋದದ್ದನ್ನು ವಾಪಸ್ ಪಡೆಯಬಹುದು. ವ್ಯಾಪಾರ, ವೃತ್ತಿಯ ಆದಾಯ ಇರುವವರಿಗೆ, ಅಂದರೆ ಅಂಗಡಿ ಇಟ್ಟವರು, ಡಾಕ್ಟರು, ಫ್ರೀಲ್ಯಾನ್ಸ್ ಮಾಡುವವರಿಗೆ, ಈ ಸಡಿಲ ಇಲ್ಲ. ಅವರು ಹಳೇದಕ್ಕೆ ಹೋಗಲು ಬೇರೆ ಫಾರ್ಮ್ ಕೊಡಬೇಕು. ಹೋಗಿ ಮತ್ತೆ ಹೊಸದಕ್ಕೆ ಬಂದರೆ, ವ್ಯಾಪಾರದ ಆದಾಯ ಇರುವಷ್ಟು ಕಾಲ ಇನ್ನೊಮ್ಮೆ ಹಳೇದಕ್ಕೆ ಹೋಗುವ ಹಾಗಿಲ್ಲ. ಇಂಥವರು ಒಂದು ವರ್ಷದ ಲಾಭ ನೋಡಿ ನಿರ್ಧರಿಸದೆ ಮುಂದಿನ ನಾಲ್ಕೈದು ವರ್ಷ ಸಾಲ, ಬಾಡಿಗೆ ಹೇಗಿರುತ್ತದೆ ಅಂತ ನೋಡಿ, ತೆರಿಗೆ ಸಲಹೆಗಾರರನ್ನು ಕೇಳುವುದು ಒಳ್ಳೆಯದು.

ಹಳೇದರ ಲೆಕ್ಕಾಚಾರ ಇರುವವರು ದಿನಾಂಕ ಮರೆಯಬೇಡಿ. ಸಂಬಳದಾರರಿಗೆ ಗಡುವು ಜುಲೈ 31. ಅದನ್ನು ದಾಟಿ ತಡವಾಗಿ ರಿಟರ್ನ್ಸ್ ಹಾಕಿದರೆ ಹಳೇ ಪದ್ಧತಿಯನ್ನು ಆರಿಸುವ ಅವಕಾಶವೇ ಇರುವುದಿಲ್ಲ, ನಿಮ್ಮ ಹತ್ತಿರ ಬಾಡಿಗೆ ರಸೀದಿ, ಸಾಲದ ಬಡ್ಡಿ ಪತ್ರ ಎಲ್ಲ ಇದ್ದರೂ ಹೊಸದರಲ್ಲೇ ತೆರಿಗೆ ಹಾಕುತ್ತಾರೆ. ವರ್ಷಕ್ಕೆ 1 ಲಕ್ಷ ದಾಟಿ ಬಾಡಿಗೆ ಕಟ್ಟುವವರು ಮನೆ ಮಾಲೀಕರ ಪ್ಯಾನ್ ನಂಬರನ್ನು ಈಗಲೇ ಕೇಳಿಟ್ಟುಕೊಳ್ಳಿ, ಜುಲೈ ಕೊನೆಯ ವಾರದಲ್ಲಿ ಫೋನ್ ಮಾಡಿದರೆ ಸಿಗದೇ ಹೋಗಬಹುದು. ಫಾರ್ಮ್ 16 (ಸಂಬಳ, ಹಿಡಿದ ತೆರಿಗೆಯ ವಿವರವಿರುವ ಕಂಪನಿಯ ಪತ್ರ) ಕೈಗೆ ಬಂದ ದಿನವೇ ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿರುವ ಕ್ಯಾಲ್ಕುಲೇಟರ್‌ನಲ್ಲಿ ಎರಡೂ ಪದ್ಧತಿಯ ಮೊತ್ತವನ್ನು ಹಾಕಿ ನೋಡಿ, ಹತ್ತು ನಿಮಿಷದ ಕೆಲಸ.